ಪದವಿಯಿಂದ ಉದ್ಯೋಗದವರೆಗೆ: ಮೇರಿ ಮೆಕ್‌ಲೌಡ್ ಬೆಥೂನ್ ನಡೆದ ದಾರಿ

ಅಮೆರಿಕದ ಕಪ್ಪು ಜನರ ಹೋರಾಟ ಎಂದ ಕೂಡಲೇ ನಮಗೆಲ್ಲ ಮಾರ್ಟಿನ್ ಲೂಥರ್ ಕಿಂಗ್ ನೆನಪಾಗುತ್ತಾರೆ, ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ನೆನಪಾಗುತ್ತಾರೆ. ಅವರಿಗಿಂತ ಹಿಂದಿನ ತಲೆಮಾರಿನ ಒಬ್ಬ ಹೆಣ್ಣುಮಗಳ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಕಪ್ಪು ಮಕ್ಕಳು ಕಾಲೇಜು ಮುಟ್ಟಬೇಕು, ಮುಟ್ಟಿದವರು ಓದು ಮುಗಿಸಬೇಕು, ಮುಗಿಸಿದವರಿಗೆ ಓದಿಗೆ ತಕ್ಕ ಕೆಲಸ ಸಿಗಬೇಕು ಎಂದು ಐವತ್ತು ವರ್ಷ ಓಡಾಡಿದವರು ಮೇರಿ ಮೆಕ್‌ಲೌಡ್ ಬೆಥೂನ್. ಈ ಮೂರರಲ್ಲಿ ಮೂರನೆಯದು ಬಹಳ ಕಷ್ಟದ್ದು ಎಂದು ಅವರಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು.

ಮೇರಿ ಹುಟ್ಟಿದ್ದು 1875ರ ಜುಲೈ 10ರಂದು, ದಕ್ಷಿಣ ಕೆರೊಲಿನಾ ರಾಜ್ಯದ ಮೇಯ್ಸ್‌ವಿಲ್ ಎಂಬ ಊರಿನ ಹತ್ತಿರ. ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದು ಆಗ ಹತ್ತೇ ವರ್ಷ. ತಂದೆ ಸ್ಯಾಮ್ಯುಯೆಲ್, ತಾಯಿ ಪ್ಯಾಟ್ಸಿ ಇಬ್ಬರೂ ಗುಲಾಮರಾಗಿದ್ದವರು. ಹದಿನೇಳು ಮಕ್ಕಳಲ್ಲಿ ಮೇರಿ ಹದಿನೈದನೆಯವಳು. ಬಿಡುಗಡೆಯಾದ ಮೇಲೂ ತಾಯಿ ಹಳೆಯ ಯಜಮಾನರ ಮನೆಯಲ್ಲೇ ಕೂಲಿಗೆ ದುಡಿದು, ಉಳಿಸಿದ ಹಣದಲ್ಲಿ ಐದು ಎಕರೆ ಜಮೀನು ಕೊಂಡರು. ಇಡೀ ಸಂಸಾರ ಅದರಲ್ಲಿ ಹತ್ತಿ ಬೆಳೆಯುತ್ತಿತ್ತು. ಕೂತು ಓದುವ ವಯಸ್ಸಿನಲ್ಲಿ ಮೇರಿ ಹೊಲದಲ್ಲಿ ಬಗ್ಗಿ ಹತ್ತಿ ಬಿಡಿಸುತ್ತಿದ್ದಳು.

ಅವರು ಮುಂದೆ ಮತ್ತೆ ಮತ್ತೆ ಹೇಳಿಕೊಂಡ ಒಂದು ಬಾಲ್ಯದ ಘಟನೆಯಿದೆ. ತಾಯಿಯ ಜೊತೆ ಬಿಳಿಯರ ಮನೆಗೆ ಹೋದಾಗ ಅಲ್ಲಿ ಮಕ್ಕಳ ಆಟದ ಕೋಣೆಯಲ್ಲಿ ಒಂದು ಪುಸ್ತಕ ಬಿದ್ದಿತ್ತು. ಮೇರಿ ಅದನ್ನು ಕೈಗೆತ್ತಿಕೊಂಡಳು. ಆ ಮನೆಯ ಹುಡುಗಿ, ನಿನಗೆ ಓದಲು ಬರುವುದಿಲ್ಲ, ಅದನ್ನು ಅಲ್ಲೇ ಇಡು ಎಂದು ಕಸಿದುಕೊಂಡು ಬೇರೆ ಚಿತ್ರದ ಪುಸ್ತಕ ತೋರಿಸಲು ಹೋದಳು. ಬಿಳಿಯರಿಗೂ ತಮಗೂ ಇರುವ ಅಂತರ ಓದುಬರಹದ್ದೇ ಇರಬೇಕು ಎಂದು ಆ ಪುಟ್ಟ ಹುಡುಗಿಗೆ ಅಂದು ಅನ್ನಿಸಿತಂತೆ. ಅಂತರ ಬರೀ ಓದಿನದಲ್ಲ ಎಂಬುದು ಅವರಿಗೆ ಅರ್ಥವಾಗಲು ಇನ್ನೂ ಹದಿನೈದು ವರ್ಷ ಹಿಡಿಯಿತು.

ಊರಿಗೆ ಪ್ರೆಸ್ಬಿಟೇರಿಯನ್ ಮಿಷನ್ನಿನವರ ಒಂದು ಕೋಣೆಯ ಶಾಲೆ ಬಂತು. ಎಮ್ಮಾ ವಿಲ್ಸನ್ ಎಂಬ ಕಪ್ಪು ಶಿಕ್ಷಕಿ ಅದನ್ನು ನಡೆಸುತ್ತಿದ್ದರು. ಅಷ್ಟು ಮಕ್ಕಳಲ್ಲಿ ಒಬ್ಬರನ್ನು ಕಳಿಸಲು ಮಾತ್ರ ಮನೆಯವರಿಗೆ ಸಾಧ್ಯವಿತ್ತು. ಹಾಗೆ ಹೋದವಳು ಮೇರಿ. ದಿನಾ ಹೋಗಲು ಐದು ಮೈಲಿ, ಬರಲು ಐದು ಮೈಲಿ. ಸಂಜೆ ಮನೆಗೆ ಬಂದು, ಕಲಿತದ್ದನ್ನು ಉಳಿದವರಿಗೆ ಹೇಳಿಕೊಡುವುದು. ಆ ಶಾಲೆ ಮುಗಿದಾಗ ಮುಂದೆ ದಾರಿಯಿರಲಿಲ್ಲ. ಆಗ ದೂರದ ಡೆನ್ವರ್ ನಗರದಲ್ಲಿದ್ದ ಮೇರಿ ಕ್ರಿಸ್‌ಮನ್ ಎಂಬ ಕ್ವೇಕರ್ ಪಂಥದ ಮಹಿಳೆ ಒಬ್ಬ ಕಪ್ಪು ಹುಡುಗಿಯ ಓದಿಗೆಂದು ತಮ್ಮ ಉಳಿತಾಯದ ಹಣ ಕಳಿಸಿದರು. ಈಕೆ ಶ್ರೀಮಂತರಲ್ಲ, ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದವರು. ಶಿಕ್ಷಕಿ ವಿಲ್ಸನ್ ಮೇರಿಯ ಹೆಸರು ಸೂಚಿಸಿದರು. ಹಾಗೆ ಹುಡುಗಿ ಉತ್ತರ ಕೆರೊಲಿನಾದ ಸ್ಕಾಟಿಯಾ ಸೆಮಿನರಿ ಸೇರಿದಳು. ನಾವು ಆಫೀಸಿನಲ್ಲಿ ರೆಫರಲ್ ಎನ್ನುತ್ತೇವಲ್ಲ, ಇದೂ ಅದೇ. ದುಡ್ಡು ಕೊಡುವವರು ಎಲ್ಲೋ ಇದ್ದರು, ಅರ್ಹತೆ ಇರುವ ಹುಡುಗಿ ಎಲ್ಲೋ ಇದ್ದಳು, ಇಬ್ಬರನ್ನೂ ಬಲ್ಲ ಶಿಕ್ಷಕಿ ನಡುವೆ ಒಂದು ಹೆಸರು ಹೇಳಿದರು. ಬೆಥೂನರ ಮುಂದಿನ ಬದುಕನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಸಂಗತಿಯೇ.

1894ರಲ್ಲಿ ಅಲ್ಲಿನ ಓದು ಮುಗಿಸಿ ಒಂದು ವರ್ಷ ಶಿಕಾಗೋದಲ್ಲಿ ಡ್ವೈಟ್ ಮೂಡಿಯವರ ಧಾರ್ಮಿಕ ತರಬೇತಿ ಸಂಸ್ಥೆಯಲ್ಲಿ ಕಲಿತರು. ಆಫ್ರಿಕಾಕ್ಕೆ ಹೋಗಿ ಮಿಷನರಿಯಾಗಬೇಕೆಂಬುದು ಆಸೆ. ತರಬೇತಿಯಿತ್ತು, ಪ್ರಮಾಣಪತ್ರವಿತ್ತು, ಮನಸ್ಸಿತ್ತು. ಅರ್ಜಿ ಹಾಕಿದರೆ ಮಿಷನ್ ಮಂಡಳಿಯಿಂದ ಬಂದ ಉತ್ತರ, ಕಪ್ಪು ಜನರಿಗೆ ಆಫ್ರಿಕಾದಲ್ಲಿ ಜಾಗ ಖಾಲಿಯಿಲ್ಲ ಎಂದು! ಬದುಕಿನ ಅತಿ ದೊಡ್ಡ ನಿರಾಸೆ ಅದು ಎಂದು ಅವರು ಮುಂದೆಯೂ ಹೇಳುತ್ತಿದ್ದರು. ಇಪ್ಪತ್ತನೆಯ ವಯಸ್ಸಿನಲ್ಲಿ ಅವರು ಕಲಿತ ಪಾಠ ಇದು: ಓದಿದರೆ ಸಾಲದು, ಓದಿದವರನ್ನು ಒಳಗೆ ಬಿಟ್ಟುಕೊಳ್ಳುವವರೂ ಬೇಕು.

ಊರಿಗೆ ಮರಳಿ ಶಿಕ್ಷಕಿಯಾದರು. ಜಾರ್ಜಿಯಾದ ಆಗಸ್ಟಾದಲ್ಲಿ ಲೂಸಿ ಕ್ರಾಫ್ಟ್ ಲೇನಿ ಎಂಬ ಕಪ್ಪು ಮಹಿಳೆ ಕಟ್ಟಿದ ಹೇನ್ಸ್ ಶಾಲೆಯಲ್ಲಿ ಒಂದು ವರ್ಷ ಪಾಠ ಮಾಡಿದರು. ಒಬ್ಬ ಹೆಂಗಸು ಸ್ವಂತ ಬಲದ ಮೇಲೆ ಶಾಲೆ ಕಟ್ಟಿ ನಡೆಸಬಲ್ಲಳು ಎಂದು ಅವರು ಕಣ್ಣಾರೆ ಕಂಡದ್ದು ಅಲ್ಲಿ. 1898ರಲ್ಲಿ ಆಲ್ಬರ್ಟಸ್ ಬೆಥೂನ್ ಅವರನ್ನು ಮದುವೆಯಾದರು, ಮರುವರ್ಷ ಮಗ ಹುಟ್ಟಿದ. ಆಮೇಲೆ ಫ್ಲಾರಿಡಾದ ಪಲಾಟ್ಕಾ ಊರಿಗೆ ಹೋಗಿ, ಅಲ್ಲೊಂದು ಮಿಷನ್ ಶಾಲೆ ನಡೆಸುತ್ತಾ, ಸಂಸಾರ ತೂಗಿಸಲು ಜೀವವಿಮೆ ಮಾರುತ್ತಾ ಐದು ವರ್ಷ ಕಳೆದರು. ಗಂಡನಿಗೆ ಹೆಂಡತಿಯ ಶಾಲೆಯ ಹುಚ್ಚು ಒಗ್ಗಲಿಲ್ಲ. 1907ರಲ್ಲಿ ಅವರು ಬೇರೆಯಾಗಿ ಹೊರಟುಹೋದರು.

ಅಷ್ಟರಲ್ಲಿ ಬೆಥೂನ್ ಡೇಟೋನಾ ಸೇರಿ ಮೂರು ವರ್ಷವಾಗಿತ್ತು. ಫ್ಲಾರಿಡಾದ ಪೂರ್ವ ಕರಾವಳಿಯಲ್ಲಿ ಆಗ ರೈಲು ದಾರಿ, ಹೋಟೆಲುಗಳು ಏಳುತ್ತಿದ್ದವು. ಚಳಿಗಾಲ ಕಳೆಯಲು ಉತ್ತರದ ಶ್ರೀಮಂತರು ಬರುತ್ತಿದ್ದರು. ಕಟ್ಟುವ ಕೆಲಸಕ್ಕೆ, ಚಾಕರಿಗೆ ಕಪ್ಪು ಕುಟುಂಬಗಳು ಬಂದು ಸೇರಿದ್ದವು. ಅವರ ಮಕ್ಕಳಿಗೆ ಶಾಲೆಯಿಲ್ಲ. 1904ರ ಅಕ್ಟೋಬರ್ 3ರಂದು ತಿಂಗಳಿಗೆ 11 ಡಾಲರ್ ಬಾಡಿಗೆಯ ಪುಟ್ಟ ಮನೆಯಲ್ಲಿ ಬೆಥೂನ್ ಹೆಣ್ಣುಮಕ್ಕಳ ಶಾಲೆ ತೆರೆದರು. ಕೈಯಲ್ಲಿದ್ದದ್ದು ಒಂದೂವರೆ ಡಾಲರ್. ಐದು ಹುಡುಗಿಯರು, ಜೊತೆಗೆ ಸ್ವಂತ ಮಗ ಆಲ್ಬರ್ಟ್. ಸಾಮಾನಿನ ಪೆಟ್ಟಿಗೆಗಳೇ ಬೆಂಚು. ಸುಟ್ಟ ಕಟ್ಟಿಗೆಯ ಚೂರೇ ಪೆನ್ಸಿಲ್. ಎಲ್ಡರ್‌ಬೆರಿ ಹಣ್ಣಿನ ರಸವೇ ಶಾಯಿ. ರಾತ್ರಿ ಸಿಹಿಗೆಣಸಿನ ಪೈ ಬೇಯಿಸಿ ರೈಲು ದಾರಿಯ ಕೂಲಿಗಳಿಗೆ ಮಾರಿದ ದುಡ್ಡೇ ಶಾಲೆಯ ಖಜಾನೆ. ಊರಿನ ಕಸ ಸುರಿಯುತ್ತಿದ್ದ, ಜನ ನರಕದ ಗುಂಡಿ ಎಂದೇ ಕರೆಯುತ್ತಿದ್ದ ಜಾಗವನ್ನು 200 ಡಾಲರಿಗೆ ಗೊತ್ತುಮಾಡಿ, ಐದು ಡಾಲರ್ ಮುಂಗಡ ಕೊಟ್ಟು, ಉಳಿದದ್ದನ್ನು ಕಂತಿನಲ್ಲಿ ತೀರಿಸಿದರು.

ಶಾಲೆ ನಡೆಸಿದ್ದಕ್ಕಿಂತ ಅದಕ್ಕೆ ಹಣ ಎತ್ತಿದ ರೀತಿ ಇನ್ನೂ ಸ್ವಾರಸ್ಯದ್ದು. ಮಕ್ಕಳ ಗಾಯನ ತಂಡ ಕಟ್ಟಿಕೊಂಡು ದೊಡ್ಡ ಹೋಟೆಲುಗಳಿಗೆ ಹೋಗಿ ಹಾಡಿಸುತ್ತಿದ್ದರು. ಭಾನುವಾರ ಮಧ್ಯಾಹ್ನ ಶಾಲೆಯಲ್ಲೇ ಸಭೆ, ಬಂದ ಬಿಳಿಯ ಅತಿಥಿಗಳಿಗೂ ಊರಿನ ಕಪ್ಪು ಜನರಿಗೂ ಬೇರೆ ಬೇರೆ ಸಾಲು ಇರುತ್ತಿರಲಿಲ್ಲ. ಆ ಕಾಲದ ದಕ್ಷಿಣದಲ್ಲಿ ಅದು ಸಣ್ಣ ಮಾತಲ್ಲ. ಸೋಪು ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಜೇಮ್ಸ್ ಗ್ಯಾಂಬಲ್ ಅವರನ್ನು ಶಾಲೆಯ ಟ್ರಸ್ಟಿಯಾಗುವಂತೆ ಕೇಳಿಕೊಂಡಿದ್ದರು. ಗ್ಯಾಂಬಲ್ ನೋಡಲು ಬಂದರೆ ಅಲ್ಲಿ ಮುರುಕು ಮನೆ, ಪೆಟ್ಟಿಗೆಗಳು, ಒಂದಿಷ್ಟು ಮಕ್ಕಳು. ತಾನು ಟ್ರಸ್ಟಿಯಾಗಬೇಕಾದ ಶಾಲೆ ಎಲ್ಲಿದೆ ಎಂದು ಕೇಳಿದರು. ಅದು ಸದ್ಯಕ್ಕೆ ತನ್ನ ಮನಸ್ಸಿನಲ್ಲಿದೆ ಎಂದು ಬೆಥೂನ್ ಹೇಳಿದರಂತೆ. ಗ್ಯಾಂಬಲ್ ಟ್ರಸ್ಟಿಯಾದರು, ವರ್ಷಗಟ್ಟಲೆ ಜೊತೆಗಿದ್ದರು. ಹೊಲಿಗೆ ಯಂತ್ರದ ಉದ್ಯಮಿ ಥಾಮಸ್ ವೈಟ್ ಕೂಡ ಕೈ ನೀಡಿದರು.

ಈ ಶಾಲೆಯಲ್ಲಿ ಏನು ಕಲಿಸುತ್ತಿದ್ದರು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಆಗ ಕಪ್ಪು ಜನರ ನಡುವೆಯೇ ದೊಡ್ಡ ಚರ್ಚೆ ನಡೆದಿತ್ತು. ಟಸ್ಕೀಗಿ ಸಂಸ್ಥೆಯ ಬೂಕರ್ ಟಿ. ವಾಷಿಂಗ್ಟನ್ ಅವರದು ಕೈಕಸುಬು ಮೊದಲು ಎಂಬ ಪಕ್ಷ. ಡು ಬೊಯ್ಸ್ ಅವರದು ಉನ್ನತ ಶಿಕ್ಷಣ ಪಡೆದ ಮುಂದಾಳುಗಳು ಬೇಕು ಎಂಬ ಪಕ್ಷ. ಬೆಥೂನ್ ತಮ್ಮ ಶಾಲೆಯ ಹೆಸರಿನಲ್ಲಿ ಸಾಹಿತ್ಯವನ್ನೂ ಕಸುಬನ್ನೂ ಒಟ್ಟಿಗೆ ಇಟ್ಟರು. ಅಡುಗೆ, ಹೊಲಿಗೆ, ತೋಟಗಾರಿಕೆ ಕಲಿಸಿದರು. ದಾನಿಗಳಿಗೆ ಅದು ಕೇಳಲು ಹಿತವಾಗಿತ್ತು, ಹುಡುಗಿಯರಿಗೆ ಆ ದಿನ ಸಿಗುತ್ತಿದ್ದ ಕೆಲಸವೂ ಅದೇ ಆಗಿತ್ತು. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಹೈಸ್ಕೂಲು ಪಾಠ ಬಂತು, ಶಿಕ್ಷಕಿಯರ ತರಬೇತಿ ಬಂತು. ಬರೀ ಅಡುಗೆ ಹೊಲಿಗೆ ಕಲಿಸಿದ ಶಾಲೆ ಎಂದು ಅದನ್ನು ತಳ್ಳಿಹಾಕುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಇವತ್ತು ಹೊಟ್ಟೆ ತುಂಬಿಸುವ ಕೆಲಸ, ನಾಳೆಗೆ ಮೇಲೇರುವ ಓದು, ಎರಡನ್ನೂ ಒಂದೇ ಛಾವಣಿಯಡಿ ಇಡದೆ ಅವರಿಗೆ ಬೇರೆ ಗತಿಯಿರಲಿಲ್ಲ.

ನರ್ಸಿಂಗ್ ತರಬೇತಿ ಶುರುವಾದ ಬಗೆಯೇ ಇದಕ್ಕೆ ಸಾಕ್ಷಿ. ಶಾಲೆಯ ಹುಡುಗಿಯೊಬ್ಬಳಿಗೆ ಅಪೆಂಡಿಸೈಟಿಸ್ ಆಯಿತು. ಊರಿನ ಬಿಳಿಯರ ಆಸ್ಪತ್ರೆ ಬೇಡಿಕೊಂಡ ಮೇಲೆ ಆಪರೇಷನ್ ಮಾಡಿತು, ಆದರೆ ಅವಳನ್ನು ಮಲಗಿಸಿದ್ದು ವಾರ್ಡಿನಲ್ಲಲ್ಲ, ಹಿಂಬದಿಯ ಪಡಸಾಲೆಯಲ್ಲಿ. ಬೆಥೂನ್ ಅದನ್ನು ನೋಡಿ ಬಂದವರೇ ಸ್ವಂತ ಆಸ್ಪತ್ರೆಗೆ ಹಣ ಕೂಡಿಸಿದರು. 1911ರಲ್ಲಿ ಎರಡು ಹಾಸಿಗೆಯಿಂದ ಶುರುವಾದ ಮೆಕ್‌ಲೌಡ್ ಆಸ್ಪತ್ರೆ ಇಪ್ಪತ್ತು ಹಾಸಿಗೆಗೆ ಬೆಳೆಯಿತು. ರೋಗಿಗಳಿಗೆ ಹಾಸಿಗೆ ಸಿಕ್ಕಿತು, ಕಪ್ಪು ಹುಡುಗಿಯರಿಗೆ ನರ್ಸಿಂಗ್ ಕಲಿಯುವ ಜಾಗ ಸಿಕ್ಕಿತು, ಕಪ್ಪು ವೈದ್ಯರಿಗೆ ಕೆಲಸ ಮಾಡುವ ಜಾಗ ಸಿಕ್ಕಿತು.

1920ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬಂದಾಗ ಬೆಥೂನ್ ರಾತ್ರಿ ತರಗತಿ ನಡೆಸಿ, ಮತ ಹಾಕಲು ಕಟ್ಟಬೇಕಿದ್ದ ತೆರಿಗೆಗೆ ಹಣ ಹೊಂದಿಸಿ ಜನರನ್ನು ಅಣಿಮಾಡಿದರು. ಕು ಕ್ಲಕ್ಸ್ ಕ್ಲಾನ್‌ನ ಮುಸುಕುಧಾರಿಗಳು ರಾತ್ರಿ ಮೆರವಣಿಗೆಯಲ್ಲಿ ಶಾಲೆಗೇ ಬಂದರು. ಬೆಥೂನ್ ಜಗ್ಗಲಿಲ್ಲ. ಬಂದವರು ಬಂದ ದಾರಿಯಲ್ಲೇ ಹೋದರು. ಜನ ಹೋಗಿ ಮತ ಹಾಕಿದರು.

1923ರಲ್ಲಿ ಜಾಕ್ಸನ್‌ವಿಲ್‌ನ ಕುಕ್‌ಮನ್ ಸಂಸ್ಥೆಯೊಂದಿಗೆ ಶಾಲೆ ವಿಲೀನವಾಗಿ ಹುಡುಗ ಹುಡುಗಿಯರಿಬ್ಬರೂ ಓದುವ ಸಂಸ್ಥೆಯಾಯಿತು. ಮುಂದೆ ಬೆಥೂನ್ ಕುಕ್‌ಮನ್ ಕಾಲೇಜು ಎಂಬ ಹೆಸರು ಬಂತು. 1941ರ ಹೊತ್ತಿಗೆ ನಾಲ್ಕು ವರ್ಷದ ಪದವಿ ಕೊಡುವ ಕಾಲೇಜು. ಒಬ್ಬ ಕಪ್ಪು ಹೆಂಗಸು ಆಗಿನ ಅಮೆರಿಕದಲ್ಲಿ ಕಾಲೇಜಿನ ಅಧ್ಯಕ್ಷೆ ಎಂದರೆ ಬೆರಳೆಣಿಕೆಯ ಮಾತು.

ಇದಿಷ್ಟೇ ಆಗಿದ್ದರೂ ಒಂದು ಜೀವನ ಚರಿತ್ರೆಗೆ ಸಾಕಿತ್ತು. ಆದರೆ ನಾನು ಈ ಲೇಖನಕ್ಕೆ ಅವರನ್ನು ಆರಿಸಿಕೊಂಡದ್ದು ಮುಂದಿನ ಏಳು ವರ್ಷಗಳಿಗಾಗಿ. ನಮ್ಮಂಥ ಕನ್ನಡ ಸಂಘಗಳಲ್ಲಿ ಹತ್ತನೆಯ, ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳಿಗೆ ವರ್ಷವೂ ಪ್ರತಿಭಾ ಪುರಸ್ಕಾರ ಕೊಡುತ್ತೇವೆ. ಶಾಲು, ಫಲಕ, ಫೋಟೋ. ಆಮೇಲೆ ಆ ಮಗು ಏನಾಯಿತು? ಕ್ಯಾಂಪಸ್ ಸಂದರ್ಶನಗಳಿಗೆ ಕೂರುವ ನನಗೆ ಆಗಾಗ ಎದುರಾಗುವ ಮುಖಗಳಿವೆ. ಅಂಕಪಟ್ಟಿಯಲ್ಲಿ ಕೊರತೆಯಿಲ್ಲ, ಆದರೆ ಮನೆಯಲ್ಲಿ ಆಫೀಸಿನ ಮೆಟ್ಟಿಲು ಹತ್ತಿದವರೇ ಇಲ್ಲದ್ದರಿಂದ ರೆಸ್ಯೂಮೆಯಲ್ಲಿ ಏನು ಬರೆಯಬೇಕೆಂದು ಹೇಳಿಕೊಟ್ಟವರಿಲ್ಲ. ಬೆಥೂನ್ ಸರ್ಕಾರದ ಒಳಗೆ ಹೋಗಿ ಮಾಡಿದ್ದು ಈ ನಡುವಿನ ಜಾಗದ ಕೆಲಸ.

1929ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಕೆಲಸ ಕಳೆದುಕೊಂಡವರಲ್ಲಿ ಕಪ್ಪು ಜನರೇ ಮೊದಲಿಗರು, ಮತ್ತೆ ಕೆಲಸ ಸಿಕ್ಕವರಲ್ಲಿ ಕೊನೆಯವರು. ಫೀಸು ಕಟ್ಟಲಾಗದೆ ಮಕ್ಕಳು ಕಾಲೇಜು ಬಿಡುತ್ತಿದ್ದರು. 1935ರ ಜೂನ್‌ನಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ರಾಷ್ಟ್ರೀಯ ಯುವಜನ ಆಡಳಿತ ಎಂಬ ಹೊಸ ಇಲಾಖೆ ತೆರೆದರು. 16ರಿಂದ 25 ವಯಸ್ಸಿನ ಒಳಗಿನವರಿಗಾಗಿ ಅದರಲ್ಲಿ ಎರಡು ಭಾಗ. ಓದುತ್ತಿರುವವರಿಗೆ ಶಾಲೆ, ಕಾಲೇಜಿನಲ್ಲೇ ಅರೆಕಾಲಿಕ ಕೆಲಸ ಕೊಟ್ಟು ಸಂಬಳದ ರೂಪದಲ್ಲಿ ಸಹಾಯ. ಓದು ಬಿಟ್ಟವರಿಗೆ ಕೆಲಸ ಮತ್ತು ತರಬೇತಿ. ಕಾಲೇಜು ವಿದ್ಯಾರ್ಥಿಗೆ ತಿಂಗಳಿಗೆ ಸರಾಸರಿ 15 ಡಾಲರ್ ಸಿಗುತ್ತಿತ್ತು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು, ಪ್ರಯೋಗಾಲಯದಲ್ಲಿ ಸಹಾಯ, ಕಚೇರಿಯಲ್ಲಿ ಟೈಪಿಂಗ್, ಹೀಗೆ. ನಮ್ಮ ಅಜ್ಜಂದಿರ ಕಾಲದಲ್ಲಿ ಬಡ ಹುಡುಗರು ವಾರಾನ್ನದ ಮನೆಗಳಲ್ಲಿ ಉಂಡು ಓದು ಮುಗಿಸುತ್ತಿದ್ದರಲ್ಲ, ಆ ಊಟದ ಜಾಗದಲ್ಲಿ ಇಲ್ಲಿ ಸಂಬಳವಿತ್ತು. ಜೊತೆಗೆ, ಎಲ್ಲಾದರೂ ಕೆಲಸ ಮಾಡಿದ ಅನುಭವ ಎಂದು ಹೇಳಿಕೊಳ್ಳಲು ಒಂದು ಸಾಲು.

ಬೆಥೂನ್ ಮೊದಲು ಇದರ ಸಲಹಾ ಸಮಿತಿಯಲ್ಲಿದ್ದರು. ಅಧ್ಯಕ್ಷರ ಪತ್ನಿ ಎಲಿನಾರ್ ಅವರ ಪರಿಚಯ 1927ರಿಂದಲೇ ಇತ್ತು. ಮಹಿಳಾ ಸಂಘಟನೆಗಳ ಮುಖಂಡರಿಗೆ ರೂಸ್‌ವೆಲ್ಟ್ ಮನೆಯಲ್ಲಿ ಏರ್ಪಡಿಸಿದ್ದ ಊಟದಲ್ಲಿ ಒಬ್ಬರೇ ಕಪ್ಪು ಮಹಿಳೆಯಾಗಿದ್ದ ಬೆಥೂನರ ಪಕ್ಕ ಯಾರು ಕೂರುವುದು ಎಂದು ಉಳಿದವರು ಮುಖ ನೋಡಿಕೊಳ್ಳುತ್ತಿದ್ದಾಗ, ಮನೆಯ ಹಿರಿಯರಾದ ಸಾರಾ ರೂಸ್‌ವೆಲ್ಟ್ ಅವರ ತೋಳು ಹಿಡಿದು ಕರೆತಂದು ಸೊಸೆ ಎಲಿನಾರ್ ಬಲಕ್ಕೆ ಗೌರವದ ಸ್ಥಾನದಲ್ಲಿ ಕೂರಿಸಿದರು. ಅಲ್ಲಿ ಹುಟ್ಟಿದ ಸ್ನೇಹ ಕೊನೆಯವರೆಗೆ ಉಳಿಯಿತು. 1936ರಲ್ಲಿ ಸಲಹಾ ಸಮಿತಿಯ ಪರವಾಗಿ ಅಧ್ಯಕ್ಷರ ಮುಂದೆ ವರದಿ ಹೇಳುವಾಗ ಬೆಥೂನ್ ಅಂಕಿ ಅಂಶಗಳ ನಡುವೆಯೇ, ಈ ಹದಿನೈದು ಇಪ್ಪತ್ತು ಡಾಲರ್ ದಕ್ಷಿಣದ ಎಷ್ಟೋ ಕುಟುಂಬಗಳಿಗೆ ಜೀವವಾಗಿದೆ ಎಂಬ ಮಾತನ್ನು ಮನ ಮುಟ್ಟುವಂತೆ ವಿವರಿಸಿದರು. ಸ್ವಲ್ಪ ದಿನಕ್ಕೆ ಇಲಾಖೆಯಲ್ಲಿ ಕಪ್ಪು ಯುವಜನರಿಗಾಗಿ ಪ್ರತ್ಯೇಕ ವಿಭಾಗ ತೆರೆದು ಅದರ ಹೊಣೆ ಅವರಿಗೇ ಕೊಟ್ಟರು. ಆ ದಿನದ ಭಾಷೆಯಲ್ಲಿ ಅದರ ಹೆಸರು ನೀಗ್ರೋ ವ್ಯವಹಾರಗಳ ವಿಭಾಗ. ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಕಪ್ಪು ಮಹಿಳೆಯೊಬ್ಬರು ಒಂದು ವಿಭಾಗದ ಮುಖ್ಯಸ್ಥೆಯಾದದ್ದು ಅದೇ ಮೊದಲು. ಅವರಿಗಾಗ ಅರುವತ್ತು ದಾಟಿತ್ತು, ಆಸ್ತಮಾ ಬೇರೆ.

ಕುರ್ಚಿ ಸಿಕ್ಕಿತೆಂದು ಅಧಿಕಾರ ಸಿಗುವುದಿಲ್ಲ ಎಂದು ಆಫೀಸಿನಲ್ಲಿ ದುಡಿಯುವ ನಮಗೆಲ್ಲ ಗೊತ್ತು. ಹಣ ಹಂಚುತ್ತಿದ್ದದ್ದು ರಾಜ್ಯಗಳ ಅಧಿಕಾರಿಗಳು, ದಕ್ಷಿಣದಲ್ಲಿ ಅವರೆಲ್ಲ ಬಿಳಿಯರು. ಆದ್ದರಿಂದ ಬೆಥೂನ್ ಹಿಡಿದ ಪಟ್ಟು, ರಾಜ್ಯದ ಕಚೇರಿಗಳಲ್ಲಿ ಕಪ್ಪು ಸಹಾಯಕ ಅಧಿಕಾರಿಗಳು ಇರಬೇಕು ಎಂಬುದು. ಪಟ್ಟಿ ತಯಾರಾಗುವ ಮೇಜಿನ ಮುಂದೆ ನಮ್ಮವರೊಬ್ಬರು ಇಲ್ಲದಿದ್ದರೆ ಪಟ್ಟಿಯಲ್ಲಿ ನಮ್ಮವರ ಹೆಸರು ಇರುವುದಿಲ್ಲ ಎಂಬ ಸರಳ ಲೆಕ್ಕ. ಹಲವು ರಾಜ್ಯಗಳಲ್ಲಿ ಅದನ್ನು ಸಾಧಿಸಿದರು. ಊರೂರು ಸುತ್ತಿ ಕಾಲೇಜುಗಳನ್ನು, ತರಬೇತಿ ಕೇಂದ್ರಗಳನ್ನು ತಾವೇ ನೋಡಿದರು. ಟೆಕ್ಸಾಸ್ ರಾಜ್ಯದಲ್ಲಿ ಈ ಇಲಾಖೆಯ ಮುಖ್ಯಸ್ಥನಾಗಿದ್ದ ತರುಣನ ಹೆಸರು ಲಿಂಡನ್ ಜಾನ್ಸನ್. ಕಪ್ಪು ಕಾಲೇಜುಗಳಿಗೂ ಹಣ ತಲುಪುವಂತೆ ನೋಡಿಕೊಂಡ ಆತ ಮುಂದೆ ಅಧ್ಯಕ್ಷರಾಗಿ 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದವರು.

ಇನ್ನೊಂದು ತೊಡಕು ಸ್ನಾತಕೋತ್ತರ ಓದಿನದು. ದಕ್ಷಿಣದ ರಾಜ್ಯಗಳ ವಿಶ್ವವಿದ್ಯಾಲಯಗಳು ಕಪ್ಪು ವಿದ್ಯಾರ್ಥಿಗಳನ್ನು ಒಳಗೇ ಬಿಡುತ್ತಿರಲಿಲ್ಲ. ಬಿಎ ಆದವರು ಎಂಎ, ಪಿಎಚ್‌ಡಿ, ವೃತ್ತಿಶಿಕ್ಷಣ ಎಂದರೆ ರಾಜ್ಯ ಬಿಟ್ಟು ದೂರ ಹೋಗಬೇಕು, ಖರ್ಚು ಹೆಚ್ಚು. ಜನಸಂಖ್ಯೆಗೆ ತಕ್ಕ ಪಾಲು ಎಂಬ ನಿಯಮ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಅವರ ರಾಜ್ಯದಲ್ಲಿ ಅವರಿಗೆ ಸೀಟೇ ಇಲ್ಲ. ಇದಕ್ಕೆಂದೇ ಒಂದು ವಿಶೇಷ ನಿಧಿ ಇಡಿಸಿದರು, ಅದನ್ನು ಯಾರಿಗೆ ಕೊಡಬೇಕೆಂಬ ನಿರ್ಧಾರ ಅವರ ಕೈಯಲ್ಲೇ ಇತ್ತು. ಇಲಾಖೆ ಮುಚ್ಚುವವರೆಗೆ ಆ ನಿಧಿಯಿಂದ 6 ಲಕ್ಷ ಡಾಲರಿಗೂ ಹೆಚ್ಚು ಹಣ 4,000ಕ್ಕೂ ಹೆಚ್ಚು ಕಪ್ಪು ವಿದ್ಯಾರ್ಥಿಗಳಿಗೆ ತಲುಪಿತು. ಎಂಟೆಕ್ ಮಾಡುವಾಗ ತಿಂಗಳ ಸ್ಟೈಪೆಂಡಿನ ಮೇಲೆ ದಿನ ದೂಡಿದ ನನಗೆ ಈ ಅಂಕಿ ಬರೀ ಅಂಕಿಯಾಗಿ ಕಾಣಲಿಲ್ಲ. ಓದು ನಿಲ್ಲುವುದು ಬುದ್ಧಿ ಸಾಲದೆ ಅಲ್ಲ, ಹಲವು ಸಲ ಮೆಸ್ ಬಿಲ್ ಕಟ್ಟಲಾಗದೆ.

ಒಬ್ಬರೇ ಆಗುವ ಕೆಲಸವಲ್ಲವೆಂದು ಅವರಿಗೆ ಗೊತ್ತಿತ್ತು. ಸರ್ಕಾರದ ಬೇರೆ ಬೇರೆ ಇಲಾಖೆಗಳಲ್ಲಿ ಚದುರಿದ್ದ ಕಪ್ಪು ಸಲಹೆಗಾರರನ್ನು ತಮ್ಮ ಮನೆಗೆ ಕರೆದು ಒಂದು ಗುಂಪಾಗಿ ಕೂಡಿಸಿದರು. ಪತ್ರಿಕೆಗಳು ಅದನ್ನು ಕಪ್ಪು ಸಂಪುಟ ಎಂದು ಕರೆದವು. ಬಹುಮಂದಿ ದೊಡ್ಡ ವಿಶ್ವವಿದ್ಯಾಲಯಗಳ ಪದವೀಧರ ಗಂಡಸರು. ಅವರ ನಡುವೆ ಹಿರಿಯಕ್ಕನಂತೆ ಕೂತು ಸಭೆ ನಡೆಸುತ್ತಿದ್ದವರು ಪದವಿಯಿಲ್ಲದ ಈ ಹೆಂಗಸು. 1937ರ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು ಯುವಜನರ ಸಮಸ್ಯೆಗಳ ಬಗ್ಗೆ ರಾಷ್ಟ್ರಮಟ್ಟದ ಸಮ್ಮೇಳನ ಕರೆದರು. ಉದ್ಯೋಗ, ಶಿಕ್ಷಣ, ಆರೋಗ್ಯ, ಕಾನೂನಿನ ರಕ್ಷಣೆ ಎಲ್ಲದರ ಬಗ್ಗೆ ಬೇಡಿಕೆಗಳು ಬರಹದಲ್ಲಿ ಸರ್ಕಾರದ ಮುಂದೆ ಹೋದವು. ಅದಕ್ಕೂ ಮೊದಲು, 1935ರ ಡಿಸೆಂಬರಿನಲ್ಲಿ, ಬೇರೆ ಬೇರೆ ಕಪ್ಪು ಮಹಿಳಾ ಸಂಘಗಳನ್ನು ಒಂದೇ ರಾಷ್ಟ್ರೀಯ ಮಂಡಳಿಯಾಗಿ ಕೂಡಿಸಿದ್ದರು. 1949ರವರೆಗೆ ಅದರ ಅಧ್ಯಕ್ಷೆ ಅವರೇ. ಸಂಘ ನಡೆಸಿ ಗೊತ್ತಿರುವವರಿಗೆ, ಒಂದು ಸಂಘದ ಒಳಗಿನ ಜಗಳ ಬಿಡಿಸುವುದೇ ಎಷ್ಟು ಕಷ್ಟ ಎಂದು ಹೇಳಬೇಕಿಲ್ಲ!

ಯುದ್ಧ ಹತ್ತಿರ ಬಂದಾಗ ಹೊಸ ಬಾಗಿಲುಗಳು ಕಂಡವು. 1939ರಲ್ಲಿ ಸರ್ಕಾರ ಕಾಲೇಜುಗಳ ಮೂಲಕ ನಾಗರಿಕರಿಗೆ ವಿಮಾನ ಹಾರಿಸಲು ಕಲಿಸುವ ಯೋಜನೆ ತಂದಿತು. ಕಪ್ಪು ಕಾಲೇಜುಗಳಿಗೂ ಅದು ಬೇಕು ಎಂದು ಪಟ್ಟು ಹಿಡಿದವರಲ್ಲಿ ಬೆಥೂನ್ ಒಬ್ಬರು. ಟಸ್ಕೀಗಿ, ಹೋವರ್ಡ್, ಹ್ಯಾಂಪ್ಟನ್ ಮುಂತಾದ ಕಡೆ ತರಬೇತಿ ಶುರುವಾಯಿತು. 1941ರ ಮಾರ್ಚಿನಲ್ಲಿ ಎಲಿನಾರ್ ರೂಸ್‌ವೆಲ್ಟ್ ಟಸ್ಕೀಗಿಗೆ ಹೋಗಿ, ಅಲ್ಲಿನ ಕಪ್ಪು ಶಿಕ್ಷಕ ಆಲ್ಫ್ರೆಡ್ ಆಂಡರ್ಸನ್ ನಡೆಸಿದ ಪುಟ್ಟ ವಿಮಾನದಲ್ಲಿ ಕೂತು ಹಾರಿ ಬಂದರು. ಕಪ್ಪು ಜನರಿಗೆ ವಿಮಾನ ನಡೆಸಲು ಬರುವುದಿಲ್ಲ ಎನ್ನುತ್ತಿದ್ದವರಿಗೆ ಆ ಒಂದು ಫೋಟೋ ಸಾಕಾಯಿತು. ಈ ಯೋಜನೆಯಲ್ಲಿ ಕಲಿತ ಕೆಲವರು ಮುಂದೆ ಟಸ್ಕೀಗಿ ಏರ್‌ಮೆನ್ ಎಂದು ಹೆಸರಾದ ಯುದ್ಧವಿಮಾನ ಚಾಲಕರಲ್ಲಿ ಸೇರಿದರು.

ಕಾರ್ಖಾನೆಗಳ ಕಥೆ ಇಷ್ಟು ಸುಲಭವಿರಲಿಲ್ಲ. ಯುವಜನ ಇಲಾಖೆ ವೆಲ್ಡಿಂಗ್, ಯಂತ್ರಗಳ ಕೆಲಸ, ರೇಡಿಯೋ ಕಲಿಸುತ್ತಿತ್ತು. ಕಲಿತ ಕಪ್ಪು ತರುಣರನ್ನು ಯುದ್ಧ ಸಾಮಗ್ರಿ ಮಾಡುವ ಕಂಪನಿಗಳು ಗೇಟಿನಲ್ಲೇ ತಿರುಗಿಸಿ ಕಳಿಸುತ್ತಿದ್ದವು. ಆಗ ರೈಲ್ವೆ ನೌಕರರ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ರಾಜಧಾನಿಗೆ ಲಕ್ಷ ಜನರ ಮೆರವಣಿಗೆ ತರುವುದಾಗಿ ಹೇಳಿದರು. 1941ರ ಜೂನ್ 25ರಂದು ರೂಸ್‌ವೆಲ್ಟ್, ರಕ್ಷಣಾ ಉದ್ಯಮಗಳಲ್ಲಿ ಬಣ್ಣ ನೋಡಿ ಕೆಲಸ ನಿರಾಕರಿಸಬಾರದು ಎಂಬ ಆಜ್ಞೆ ಹೊರಡಿಸಿದರು. ರ‍್ಯಾಂಡಾಲ್ಫ್ ಓದಿದ್ದು ಕುಕ್‌ಮನ್ ಸಂಸ್ಥೆಯಲ್ಲಿ, ಬೆಥೂನರ ಶಾಲೆಯ ಜೊತೆ ಕೂಡಿದ ಅದೇ ಸಂಸ್ಥೆ. ಒಳಗಿನಿಂದ ಬೆಥೂನ್, ಹೊರಗಿನಿಂದ ರ‍್ಯಾಂಡಾಲ್ಫ್. ಬೆಥೂನ್ ಬಿಳಿಯ ಅಧಿಕಾರಿಗಳ ಜೊತೆ ತೀರಾ ನಯವಾಗಿ ನಡೆದುಕೊಂಡರು, ಬೇರ್ಪಡಿಸಿದ ವ್ಯವಸ್ಥೆಯ ಒಳಗೇ ಪಾಲು ಕೇಳಿದರು ಎಂಬ ಆಕ್ಷೇಪ ಇದೆ. ಅದರಲ್ಲಿ ನಿಜವೂ ಇದೆ. ಆದರೆ ಆ ವರ್ಷ ಫೀಸು ಕಟ್ಟಬೇಕಿದ್ದ ವಿದ್ಯಾರ್ಥಿಗೆ ವ್ಯವಸ್ಥೆ ಬದಲಾಗುವವರೆಗೆ ಕಾಯುವ ಪುರುಸೊತ್ತು ಎಲ್ಲಿತ್ತು?

1942ರಲ್ಲಿ ಸೈನ್ಯದ ಮಹಿಳಾ ದಳ ಶುರುವಾದಾಗ ಅಧಿಕಾರಿ ತರಬೇತಿಗೆ ಕಪ್ಪು ಪದವೀಧರೆಯರನ್ನು ಆರಿಸಲು ಬೆಥೂನ್ ನೆರವಾದರು. ಅಯೋವಾದ ಫೋರ್ಟ್ ಡಿ ಮೊಯ್ನ್‌ನಲ್ಲಿ ನಡೆದ ಮೊದಲ ತಂಡದ 440 ಮಂದಿಯಲ್ಲಿ ಸುಮಾರು 40 ಮಂದಿ ಕಪ್ಪು ಮಹಿಳೆಯರು. ಹೆಚ್ಚಿನವರು ಶಿಕ್ಷಕಿಯರಾಗಿದ್ದವರು, ಅದಕ್ಕಿಂತ ದೊಡ್ಡ ಕೆಲಸದ ದಾರಿ ಅವರಿಗೆ ಅಲ್ಲಿಯವರೆಗೆ ತೆರೆದಿರಲಿಲ್ಲ. ಅವರಲ್ಲಿ ಒಬ್ಬರಾದ ಚಾರಿಟಿ ಆಡಮ್ಸ್ 1945ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 800ಕ್ಕೂ ಹೆಚ್ಚು ಕಪ್ಪು ಮಹಿಳಾ ಸೈನಿಕರ ಅಂಚೆ ದಳವನ್ನು ಮುನ್ನಡೆಸಿ, ಗೋದಾಮಿನಲ್ಲಿ ರಾಶಿ ಬಿದ್ದಿದ್ದ ಸೈನಿಕರ ಪತ್ರಗಳನ್ನು ಗೊತ್ತು ಮಾಡಿದ್ದಕ್ಕಿಂತ ಬೇಗ ವಿಲೇವಾರಿ ಮಾಡಿದರು.

ಯುವಜನ ಇಲಾಖೆ 1943ರಲ್ಲಿ ಮುಚ್ಚಿತು. ಸರ್ಕಾರದ ಹಣ ಇವತ್ತು ಬರುತ್ತದೆ, ನಾಳೆ ನಿಲ್ಲುತ್ತದೆ. ಮರುವರ್ಷವೇ ಟಸ್ಕೀಗಿಯ ಅಧ್ಯಕ್ಷ ಫ್ರೆಡರಿಕ್ ಪ್ಯಾಟರ್ಸನ್ ಜೊತೆ ಸೇರಿ ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್ ಸ್ಥಾಪಿಸಿದವರಲ್ಲಿ ಬೆಥೂನ್ ಇದ್ದರು. 27 ಕಪ್ಪು ಕಾಲೇಜುಗಳು ಅದೇ ದಾನಿಗಳ ಬಾಗಿಲಿಗೆ ಬೇರೆ ಬೇರೆಯಾಗಿ ಹೋಗುವ ಬದಲು ಒಟ್ಟಾಗಿ ಹಣ ಎತ್ತುವುದು, ಹಂಚಿಕೊಳ್ಳುವುದು. ಗೆಣಸಿನ ಪೈ ಮಾರಿ ಒಬ್ಬರೇ ಹಣ ಕೂಡಿಸಿದ್ದ ಬೆಥೂನರಿಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ನಿಧಿ ಇಂದಿಗೂ ವಿದ್ಯಾರ್ಥಿವೇತನ ಕೊಡುತ್ತಿದೆ, ಇಂಟರ್ನ್‌ಶಿಪ್ ಕೊಡಿಸುತ್ತಿದೆ.

1945ರಲ್ಲಿ ವಿಶ್ವಸಂಸ್ಥೆಯ ಸನ್ನದು ರೂಪಿಸಲು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಮ್ಮೇಳನಕ್ಕೆ ಡು ಬೊಯ್ಸ್, ವಾಲ್ಟರ್ ವೈಟ್ ಜೊತೆ ಸಲಹೆಗಾರರಾಗಿ ಹೋದರು. 1952ರ ಜನವರಿಯಲ್ಲಿ ಲೈಬೀರಿಯಾ ದೇಶದ ಅಧ್ಯಕ್ಷರ ಪ್ರಮಾಣವಚನಕ್ಕೆ ಅಮೆರಿಕದ ಪ್ರತಿನಿಧಿಗಳಲ್ಲಿ ಒಬ್ಬರಾಗಿ ಹೊರಟರು. ಇಪ್ಪತ್ತನೆಯ ವಯಸ್ಸಿನಲ್ಲಿ ಆಫ್ರಿಕಾದಲ್ಲಿ ಜಾಗ ಖಾಲಿಯಿಲ್ಲ ಎಂದು ಹೇಳಿಸಿಕೊಂಡವರು ಎಪ್ಪತ್ತಾರನೆಯ ವಯಸ್ಸಿನಲ್ಲಿ ಆ ನೆಲ ಮುಟ್ಟಿದರು, ಅದೂ ಸರ್ಕಾರದ ಅತಿಥಿಯಾಗಿ.

1955ರ ಮೇ 18ರಂದು ಡೇಟೋನಾದ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅದೇ ವರ್ಷ ಡಿಸೆಂಬರಿನಲ್ಲಿ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಸೀಟು ಬಿಡದೆ ಕೂತರು. ಬೆಥೂನರ ಕಾಲೇಜು ಈಗ ವಿಶ್ವವಿದ್ಯಾಲಯ. 2022ರಲ್ಲಿ ಅಮೆರಿಕದ ಸಂಸತ್ ಭವನದ ಪ್ರತಿಮೆಗಳ ಸಭಾಂಗಣದಲ್ಲಿ ಫ್ಲಾರಿಡಾ ರಾಜ್ಯ, ಗುಲಾಮಗಿರಿ ಉಳಿಸಲು ಹೋರಾಡಿದ ದಕ್ಷಿಣದ ಸೇನೆಯ ದಂಡನಾಯಕ ಎಡ್ಮಂಡ್ ಕರ್ಬಿ ಸ್ಮಿತ್‌ನ ಪ್ರತಿಮೆ ತೆಗೆಸಿ, ಆ ಜಾಗಕ್ಕೆ ಬೆಥೂನರ ಬಿಳಿ ಅಮೃತಶಿಲೆಯ ಪ್ರತಿಮೆ ಕೊಟ್ಟಿತು. ಅವರ ಸಮಾಧಿಯಿರುವುದು ಕ್ಯಾಂಪಸ್ಸಿನಲ್ಲೇ, ಅವರು ವಾಸವಿದ್ದ ಮನೆಯ ಹಿಂದೆ.